ಬಯಲಿನ ಕಂಚಿನ ಪ್ರತಿಮೆ: ಲಕ್ಷಣ ನೋಡಿ ದೋಷ ಗುರುತಿಸುವ ಕೈಪಿಡಿ

ಬಯಲಿನಲ್ಲಿ ನಿಂತ ಕಂಚಿನ ಪ್ರತಿಮೆಯ ಮೈಮೇಲೆ ಹಸಿರು ಕಂಡ ಕೂಡಲೇ ಅದನ್ನು ತಿಕ್ಕಿ ತೊಳೆದು ಹೊಳಪು ಬರಿಸಬೇಕೆನ್ನುವ ಉತ್ಸಾಹ ಉಸ್ತುವಾರಿ ಹೊತ್ತವರಲ್ಲಿ ಸಹಜವಾಗಿ ಹುಟ್ಟುತ್ತದೆ. ಮಳೆ, ಗಾಳಿ, ಹೊಗೆಗಳು ಹತ್ತಾರು ವರ್ಷಗಳಲ್ಲಿ ಮಾಡದ ಹಾನಿಯನ್ನು ಈ ಉತ್ಸಾಹ ಒಂದೇ ದಿನದಲ್ಲಿ ಮಾಡಿಬಿಡಬಲ್ಲದು. ಆದ್ದರಿಂದ ಈ ಕೈಪಿಡಿಯಲ್ಲಿ ಶುಚಿಗೊಳಿಸುವ ವಿಧಾನಕ್ಕಿಂತ ಲಕ್ಷಣವನ್ನು ಓದುವ ಕ್ರಮಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಕಂಚು ಎಂದರೆ ಮುಖ್ಯವಾಗಿ ತಾಮ್ರ, ಅದರೊಡನೆ ತವರ. ಪ್ರತಿಮೆಗಳ ಎರಕದಲ್ಲಿ ಸತು ಮತ್ತು ಸೀಸವೂ ಸೇರಿರುವುದು ಸಾಮಾನ್ಯ. ಬಯಲಿಗೆ ಬಂದ ಕಂಚಿನ ಮೇಲೆ ಮೊದಲು ತಾಮ್ರದ ಆಕ್ಸೈಡಿನ ಕೆಂಗಂದು ಪದರ ಕೂಡುತ್ತದೆ. ಆಮೇಲೆ ಗಾಳಿಯಲ್ಲಿರುವ ಗಂಧಕದ ಅಂಶ ಮತ್ತು ತೇವ ಸೇರಿ ಅದರ ಮೇಲೆ ಬ್ರೋಕಾಂಟೈಟ್ ಎಂಬ ಹಸಿರು ಸಲ್ಫೇಟ್ ಬೆಳೆಯುತ್ತದೆ. ಕಡಲತೀರದಲ್ಲಿ ಇದರ ಜೊತೆಗೆ, ಉಪ್ಪಿನಲ್ಲಿರುವ ಕ್ಲೋರಿನ್ ತಾಮ್ರದೊಡನೆ ಕೂಡಿ ಆಗುವ ಅಟಕಮೈಟ್‌ನಂಥ ಕ್ಲೋರೈಡುಗಳೂ ಕಾಣಿಸಿಕೊಳ್ಳುತ್ತವೆ. ಈ ಎಲ್ಲ ಬದಲಾವಣೆಗಳಿಗೂ ನೀರು ಬೇಕು. ಹಾಗಾಗಿ ಮುಂದೆ ಯಾವ ಲಕ್ಷಣ ಕಂಡರೂ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ನೀರು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಎಲ್ಲಿಂದ ಹೊರಗೆ ಹೋಗುತ್ತಿದೆ.

ಕೈ ಹಚ್ಚುವ ಮೊದಲು

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಕ್ಯಾಮೆರಾ, ಟಾರ್ಚು, ಭೂತಗನ್ನಡಿ, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಹತ್ತಿ, ಚೂಪು ಮಾಡಿದ ಬಿದಿರಿನ ಕಡ್ಡಿ, ಬಟ್ಟಿ ಇಳಿಸಿದ ನೀರು ತುಂಬಿದ ಸಿಂಪಡಿಸುವ ಬಾಟಲಿ. ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದಿಡಿ. ಮಳೆ ನಿಂತ ತಕ್ಷಣ ಒಮ್ಮೆ, ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ ತೆಗೆದ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ನೀರು ಹರಿಯುವ ದಾರಿ ಯಾವ ಉಪಕರಣದ ನೆರವೂ ಇಲ್ಲದೆ ಕಾಣುತ್ತದೆ. ಪ್ರತಿಮೆಯ ಹಳೆಯ ಫೋಟೊಗಳು, ಹಿಂದಿನ ದುರಸ್ತಿಯ ಕಡತ, ಶಿಲ್ಪಿ ಮೂಲದಲ್ಲಿ ಕೊಟ್ಟ ಬಣ್ಣದ ವಿವರ ಸಿಕ್ಕರೆ ಕೂಡಿಸಿಕೊಳ್ಳಿ. ಪ್ರತಿಮೆ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದ್ದರೆ ತೊಳೆಯುವುದಕ್ಕೂ ಅನುಮತಿ ಬೇಕಾಗಬಹುದು.

ಸುರಕ್ಷತೆಯ ಮಾತು ಇಲ್ಲೇ ಆಗಿಬಿಡಲಿ. ಏಣಿಯನ್ನು ಪ್ರತಿಮೆಗೇ ಒರಗಿಸಬಾರದು. ಎತ್ತರದ ಕೆಲಸಕ್ಕೆ ತನ್ನ ಕಾಲ ಮೇಲೆ ತಾನು ನಿಲ್ಲುವ ಸಾರುವೆಯೇ ಬೇಕು. ಪೀಠದ ಸುತ್ತ ದೀಪಗಳಿದ್ದರೆ ನೀರು ಬಳಸುವ ಮೊದಲು ವಿದ್ಯುತ್ ಕಡಿತಗೊಳಿಸಬೇಕು. ಸಿಡಿಲು ನಿರೋಧಕದ ತಂತಿಯನ್ನು ಬಿಚ್ಚಬಾರದು. ಹಕ್ಕಿಯ ಹಿಕ್ಕೆಯನ್ನು ಒಣಗಿದಂತೆಯೇ ಕೆರೆದರೆ ಅದರ ಧೂಳಿನ ಮೂಲಕ ಶ್ವಾಸಕೋಶದ ಸೋಂಕು ತಗಲಬಹುದಾದ್ದರಿಂದ ಮೊದಲು ನೆನೆಸಿ, ಮುಖಗವಸು ಮತ್ತು ಕೈಗವಸು ಹಾಕಿಕೊಂಡು ತೆಗೆಯಬೇಕು. ಕಂಚಿನಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಯಾವ ಪುಡಿಯನ್ನೂ ಊದಿ ಹಾರಿಸಬೇಡಿ. ದೊಡ್ಡ ಪ್ರತಿಮೆಯ ಟೊಳ್ಳಿನೊಳಗೆ ಇಳಿಯುವ ಸಾಹಸವಂತೂ ಬೇಡವೇ ಬೇಡ. ಮುಚ್ಚಿದ ಜಾಗದಲ್ಲಿ ತುಕ್ಕು ಹಿಡಿಯುವ ಕಬ್ಬಿಣ ಗಾಳಿಯ ಆಮ್ಲಜನಕವನ್ನೇ ಕಡಿಮೆ ಮಾಡಿರುತ್ತದೆ.

ಮೈ ಮಂಕಾಗಿದೆ, ಅಲ್ಲಲ್ಲಿ ಬಿಳಿಯ ಮಬ್ಬು ಕಾಣುತ್ತಿದೆ

ಇದು ಹೆಚ್ಚಿನ ಸಲ ಲೋಹದ ದೋಷವಲ್ಲ, ರಕ್ಷಣೆಗೆಂದು ಮೇಲೆ ಹಚ್ಚಿದ ಮೇಣದಂಥ ಲೇಪದ ದೋಷ. ಸ್ವಲ್ಪ ನೀರು ಸಿಂಪಡಿಸಿ ನೋಡಿ. ನೀರು ದುಂಡುದುಂಡಾಗಿ ನಿಂತು ಉರುಳಿದರೆ ಮೇಣದ ಲೇಪ ಇನ್ನೂ ಕೆಲಸ ಮಾಡುತ್ತಿದೆ. ಹನಿ ಹರಡಿಕೊಂಡು ಆ ಜಾಗ ಕಪ್ಪಾದರೆ ಮೇಣ ಸವೆದುಹೋಗಿದೆ, ಲೋಹದ ಪದರ ನೇರವಾಗಿ ನೀರು ಕುಡಿಯುತ್ತಿದೆ. ತಲೆ, ಭುಜ, ಚಾಚಿದ ಕೈಯ ಮೇಲ್ಭಾಗ ಇವು ಮೊದಲು ಸವೆಯುವ ಜಾಗಗಳು. ಗಲ್ಲದ ಅಡಿಯಲ್ಲಿ ಪರೀಕ್ಷಿಸಿ ಎಲ್ಲ ಸರಿಯಿದೆ ಎಂದುಕೊಳ್ಳಬಾರದು.

ಮೇಣ ಮಾತ್ರ ಸವೆದಿದ್ದು ಬೇರೆ ಲಕ್ಷಣಗಳಿಲ್ಲದಿದ್ದರೆ, ಅನುಭವಿಗಳ ಮಾರ್ಗದರ್ಶನದಲ್ಲಿ ವಾರ್ಷಿಕ ನಿರ್ವಹಣೆಯನ್ನು ಉಸ್ತುವಾರಿಯವರೇ ಮಾಡಬಹುದು. ಬಿಸಿಲಿಗೆ ಕಾದ ಕಂಚಿನ ಮೇಲೆ ಸಾಬೂನು ನೀರು ತೊಳೆಯುವ ಮೊದಲೇ ಒಣಗಿ ಕಲೆಯಾಗುವುದರಿಂದ ಬೆಳಗಿನ ತಂಪಿನಲ್ಲೇ ಕೆಲಸ ಆರಂಭಿಸಬೇಕು. ಸಾಧಾರಣ ಪೈಪಿನ ಒತ್ತಡದ ನೀರು, ಅಯಾನಿಕವಲ್ಲದ (ನಾನ್-ಅಯಾನಿಕ್) ಸೌಮ್ಯ ಮಾರ್ಜಕ, ಮೆತ್ತನೆಯ ನೈಸರ್ಗಿಕ ಕೂದಲಿನ ಬ್ರಷ್ಷು ಸಾಕು. ಒತ್ತಡದ ನೀರಿನ ಯಂತ್ರ ಸಂದುಗಳೊಳಗೆ ನೀರನ್ನು ತಳ್ಳುತ್ತದೆ, ಅದನ್ನು ದೂರವಿಡಿ. ಪೂರ್ತಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು (ಪೆಟ್ರೋಲಿಯಂನಿಂದ ಪಡೆದ, ಸೂಕ್ಷ್ಮ ಹರಳುಗಳ ಮೇಣ) ತೆಳುವಾಗಿ ಸವರಿ, ಆರಿದ ಮೇಲೆ ಬಟ್ಟೆಯಿಂದ ಉಜ್ಜಬೇಕು. ಮೇಣ ದಪ್ಪವಾದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ದಪ್ಪ ಮೇಣ ಧೂಳು ಹಿಡಿದು ಕಪ್ಪಾಗುತ್ತದೆ. ತಜ್ಞರು ಲೋಹವನ್ನು ಹದವಾಗಿ ಬಿಸಿ ಮಾಡಿ ಮೇಣ ಹಚ್ಚುವುದುಂಟು: ಬ್ರಷ್ಷು ತಾಗಿದ ಕಡೆ ಮೇಣ ಕರಗಿ ಸೂಕ್ಷ್ಮ ರಂಧ್ರಗಳೊಳಗೆ ಇಳಿಯುತ್ತಿದ್ದಂತೆ ಮಾಸಲು ಹಸಿರು ಕಣ್ಣೆದುರೇ ಗಾಢವಾಗುತ್ತದೆ. ನೋಡಲು ಸುಲಭವೆನಿಸಿದರೂ ಬೆಂಕಿಯುರಿ ಸೂಸುವ ಟಾರ್ಚು ಕೈಯಲ್ಲಿರುವ ಈ ಕೆಲಸ ಹೊಸಬರದಲ್ಲ. ಕಾವು ಹೆಚ್ಚಿದರೆ ಮೂಲ ಬಣ್ಣವೇ ಬದಲಾಗುತ್ತದೆ, ಮೇಣದಲ್ಲಿರುವ ದ್ರಾವಕಕ್ಕೆ ಬೆಂಕಿ ಹತ್ತುವ ಅಪಾಯವೂ ಇದೆ.

ಮಬ್ಬಿನ ಜೊತೆಗೆ ಪದರವು ಹೊಪ್ಪಳಿಕೆಯಂತೆ ಏಳುತ್ತಿದ್ದರೆ ಅಥವಾ ಅದರ ಅಡಿಯಲ್ಲಿ ದಾರದೆಳೆಯಂಥ ಕಪ್ಪು ಗೆರೆಗಳು ಹರಡಿದ್ದರೆ ಅಲ್ಲಿರುವುದು ಲ್ಯಾಕರ್, ಅಂದರೆ ಒಣಗಿ ಗಟ್ಟಿ ಪೊರೆಯಾಗುವ ಪಾರದರ್ಶಕ ಲೇಪ. 1960ರ ದಶಕದಲ್ಲಿ ತಾಮ್ರದ ವಸ್ತುಗಳಿಗೆಂದೇ ರೂಪಿಸಿದ ಇನ್‌ಕ್ರಾಲ್ಯಾಕ್ ಎಂಬ ಅಕ್ರಿಲಿಕ್ ಲೇಪ ಬಯಲಿನ ಪ್ರತಿಮೆಗಳ ಮೇಲೆ ವ್ಯಾಪಕವಾಗಿ ಬಳಕೆಯಾಗಿದೆ. ಗಟ್ಟಿಯಾಗಿರುವಷ್ಟು ಕಾಲ ಅದು ಮೇಣಕ್ಕಿಂತ ಒಳ್ಳೆಯ ರಕ್ಷಣೆ ಕೊಡುತ್ತದೆ. ಒಂದೆಡೆ ಹರಿದರೆ ಮಾತ್ರ ನೀರು ಅದರಡಿಗೆ ನುಗ್ಗಿ ಹೊರಬರಲಾಗದೆ ನಿಂತುಬಿಡುತ್ತದೆ. ಹರಿದ ಲ್ಯಾಕರಿನ ಮೇಲೆ ಮೇಣ ಹಚ್ಚಿ ಮುಚ್ಚುವುದರಿಂದ ಪ್ರಯೋಜನವಿಲ್ಲ. ಹಳೆಯದನ್ನು ದ್ರಾವಕದಿಂದ ಪೂರ್ತಿ ತೆಗೆದು ಹೊಸದಾಗಿ ಲೇಪಿಸಬೇಕು, ಅದು ತಜ್ಞರ ಕೆಲಸ.

ಮೈಯೆಲ್ಲ ಒಂದೇ ಸಮನೆ ಹಸಿರಾಗಿದೆ

ಬಿದಿರು ಕಡ್ಡಿಯ ತುದಿಯಿಂದ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೆಲ್ಲಗೆ ಕೆರೆದು ನೋಡಿ. ಪದರ ಗಟ್ಟಿಯಾಗಿದ್ದು, ಪುಡಿ ಉದುರದೆ, ಶಿಲ್ಪದ ಸೂಕ್ಷ್ಮ ಗೆರೆಗಳು ಮುಚ್ಚಿಹೋಗದೆ ಇದ್ದರೆ ಇದು ಸ್ಥಿರವಾದ ಹಸಿರು. ಇದನ್ನು ತೆಗೆಯಬೇಕಾಗಿಲ್ಲ. ತೆಗೆದರೆ ಹೊಸ ಹಸಿರು ಬೆಳೆಯಲು ಲೋಹ ಮತ್ತೊಮ್ಮೆ ತನ್ನ ಮೈಯನ್ನೇ ಕೊಡಬೇಕಾಗುತ್ತದೆ, ಅಷ್ಟೆ. 1970ರ ದಶಕದಲ್ಲಿ ಗಾಜಿನ ಸಣ್ಣ ಮಣಿಗಳನ್ನು ಗಾಳಿಯ ಒತ್ತಡದಲ್ಲಿ ಸಿಡಿಸಿ ಪ್ರತಿಮೆಗಳನ್ನು ಬರಿಲೋಹಕ್ಕೆ ಇಳಿಸುವ ಪದ್ಧತಿ ಕೆಲವೆಡೆ ನಡೆದಿತ್ತು. ಅದರಿಂದ ಶಿಲ್ಪದ ಮೇಲ್ಮೈಯೇ ಜಜ್ಜಿಹೋಗುವುದು ಗೊತ್ತಾದ ಮೇಲೆ ಸಂರಕ್ಷಕರು ಅದನ್ನು ಕೈಬಿಟ್ಟರು. ಲೋಹದ ಪಾಲಿಶ್, ಹುಳಿಯ ದ್ರಾವಣ, ಉಕ್ಕಿನ ಉಣ್ಣೆ, ತಂತಿ ಬ್ರಷ್ಷು ಇವೆಲ್ಲ ಅದೇ ತಪ್ಪಿನ ಅಗ್ಗದ ರೂಪಗಳು.

ಕಪ್ಪು ಮತ್ತು ತಿಳಿಹಸಿರಿನ ಪಟ್ಟೆಗಳು ಮೂಡಿವೆ

ಮುಖದ ಮೇಲೆ ಕಣ್ಣೀರಿನಂತೆ ಹಸಿರು ಗೆರೆ ಇಳಿದು, ಅದರ ಪಕ್ಕದಲ್ಲಿ ಕಪ್ಪು ಹೊಪ್ಪಳ ಕಟ್ಟಿರುವುದು ನಗರದ ಪ್ರತಿಮೆಗಳಲ್ಲಿ ಅತಿ ಸಾಮಾನ್ಯವಾದ ನೋಟ. ಮಳೆ ತೊಳೆಯುವ ಜಾಗ ತಿಳಿಹಸಿರಾಗುತ್ತದೆ. ಮಳೆ ತಲುಪದೆ ಇಬ್ಬನಿ ಮಾತ್ರ ತಾಗುವ ಮರೆಯಲ್ಲಿ ಮಸಿ, ಧೂಳು, ಗಂಧಕದ ಲವಣಗಳು ಕೂಡಿ ಕಪ್ಪು ಚಿಪ್ಪು ಕಟ್ಟುತ್ತದೆ. ಕಪ್ಪು ಭಾಗವೇ ಹಾಳಾದದ್ದು ಎಂದು ನೋಡುವವರಿಗೆ ಅನಿಸುತ್ತದೆ, ಆದರೆ ಎಷ್ಟೋ ಕಡೆ ಮೂಲ ಮೇಲ್ಮೈ ಉಳಿದಿರುವುದು ಆ ಕಪ್ಪಿನ ಅಡಿಯಲ್ಲೇ. ತಿಳಿಹಸಿರಿನ ಭಾಗದಲ್ಲಿ ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ತಾಮ್ರ ಕರಗಿ ಇಳಿದುಹೋಗುತ್ತಿರುತ್ತದೆ. ಕಲ್ಲಿನ ಪೀಠದ ಮೇಲೆ ಹರಡಿದ ಹಸಿರು ಕಲೆ ಹಾಗೆ ಇಳಿದ ತಾಮ್ರವೇ.

ಎರಡೂ ಬಣ್ಣ ಸೇರುವ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಅಲ್ಲಿ ಸೂಜಿಮೊನೆಯಂಥ ಗುಳಿಗಳು ಸಾಲಾಗಿದ್ದರೆ ಸವಕಳಿ ಜೋರಾಗಿದೆ ಎಂದರ್ಥ. ಗುಳಿಗಳಿಲ್ಲದಿದ್ದರೆ ತೊಳೆದು ಮೇಣ ಹಚ್ಚಿದರೆ ಸಾಕು. ಮೇಣ ಎರಡು ಬಣ್ಣಗಳ ಅಂತರವನ್ನೂ ಕಣ್ಣಿಗೆ ಕಡಿಮೆ ಮಾಡುತ್ತದೆ. ಕಪ್ಪು ಚಿಪ್ಪನ್ನು ತೆಳುಗೊಳಿಸುವ ಅಗತ್ಯವಿದೆಯೇ ಎಂಬುದನ್ನು ತಜ್ಞರು ಅಂಗೈಯಗಲದ ಜಾಗದಲ್ಲಿ ಪ್ರಯೋಗ ಮಾಡಿ ನೋಡಿ ತೀರ್ಮಾನಿಸಲಿ.

ರೋಮ್‌ನ ಮಾರ್ಕಸ್ ಔರೇಲಿಯಸ್‌ನ ಕುದುರೆ ಸವಾರಿಯ ಪ್ರತಿಮೆಯನ್ನು ಹೀಗೆ ಗಾಳಿಮಳೆಗೆ ಸವೆಯುತ್ತಿದ್ದ ಕಾರಣಕ್ಕೆ 1981ರಲ್ಲಿ ಚೌಕದಿಂದ ಇಳಿಸಿ, ಸಂರಕ್ಷಣೆಯ ನಂತರ ವಸ್ತುಸಂಗ್ರಹಾಲಯದೊಳಗೆ ಇಡಲಾಯಿತು; ಚೌಕದಲ್ಲಿ ಈಗ ನಿಂತಿರುವುದು ಪ್ರತಿಕೃತಿ. ಲೇಪದಿಂದ ತಡೆಯಲಾಗದ ಹಂತವೂ ಒಂದಿದೆ ಎನ್ನುವುದಕ್ಕೆ ಇಷ್ಟು ಸಾಕು.

ಕೆಲವೇ ಜಾಗ ಚಿನ್ನದಂತೆ ಹೊಳೆಯುತ್ತಿದೆ

ಜನ ಮುಟ್ಟಿ ಮುಟ್ಟಿ ಸವೆದ ಮೂಗು, ಬೆರಳು, ಪಾದ. ತುರ್ತಿನ ದೋಷವಲ್ಲ. ಆದರೆ ಮುಟ್ಟುವವರು ಭಾರವನ್ನೂ ಹಾಕುತ್ತಾರೆ ಎಂಬುದನ್ನು ಮರೆಯಬಾರದು. ವೆರೋನಾದ ಜೂಲಿಯೆಟ್ ಪ್ರತಿಮೆಯನ್ನು ಪ್ರವಾಸಿಗರು ಹಿಡಿದು ಫೋಟೊ ತೆಗೆಸಿಕೊಂಡೇ ಹಾನಿಗೀಡು ಮಾಡಿದ್ದರಿಂದ 2014ರಲ್ಲಿ ಮೂಲವನ್ನು ಒಳಗಿಟ್ಟು ಪ್ರತಿಕೃತಿಯನ್ನು ನಿಲ್ಲಿಸಬೇಕಾಯಿತು. ಹೊಳೆಯುವ ಜಾಗದ ಬುಡದಲ್ಲಿ, ಅಂದರೆ ಮಣಿಕಟ್ಟು, ಕತ್ತಿಯ ಹಿಡಿ, ಬಾಲದ ಸಂದುಗಳಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಿ.

ತಿಳಿಹಸಿರು ಪುಡಿ ಚುಕ್ಕೆಚುಕ್ಕೆಯಾಗಿ ಏಳುತ್ತಿದೆ

ಎಲ್ಲ ಲಕ್ಷಣಗಳಲ್ಲಿ ಹೆಚ್ಚು ಎಚ್ಚರ ಬೇಡುವುದು ಇದು. ಗಟ್ಟಿ ಹಸಿರಿನ ನಡುವೆ ಬೇರೆಯೇ ಬಣ್ಣದ, ತೀರಾ ತಿಳಿಯಾದ, ಬೆರಳಿಗೆ ಹಿಟ್ಟಿನಂತೆ ಅಂಟುವ ಚುಕ್ಕೆಗಳು ಕಂಡರೆ ಕ್ಲೋರೈಡಿನ ಸವಕಳಿಯನ್ನು ಶಂಕಿಸಬೇಕು. ಸಂರಕ್ಷಕರು ಇದನ್ನು ಕಂಚಿನ ರೋಗ ಎಂದೇ ಕರೆಯುತ್ತಾರೆ. ಲೋಹಕ್ಕೆ ಅಂಟಿಕೊಂಡಂತೆ ಕ್ಯುಪ್ರಸ್ ಕ್ಲೋರೈಡ್ ಎಂಬ ತಾಮ್ರದ ಲವಣ ಅಡಗಿರುತ್ತದೆ. ತೇವ ಮತ್ತು ಆಮ್ಲಜನಕ ತಲುಪಿದಾಗ ಅದು ಹಸಿರು ಪುಡಿಯಾಗಿ ಉಬ್ಬುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ಆ ಆಮ್ಲ ಪಕ್ಕದ ತಾಮ್ರವನ್ನು ತಿಂದು ಮತ್ತೆ ಕ್ಯುಪ್ರಸ್ ಕ್ಲೋರೈಡ್ ಮಾಡುತ್ತದೆ. ಹೀಗೆ ತನ್ನನ್ನು ತಾನೇ ಸಾಕಿಕೊಳ್ಳುವ ಚಕ್ರವಾದ್ದರಿಂದ ಪುಡಿಯನ್ನು ಒರೆಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಮೆತ್ತನೆಯ ಬ್ರಷ್ಷಿನಿಂದ ಒಂದೆರಡು ಚುಕ್ಕೆಗಳ ಪುಡಿಯನ್ನು ಸಣ್ಣ ಡಬ್ಬಿಗೆ ತೆಗೆದಿಟ್ಟುಕೊಂಡು, ಆ ಜಾಗದ ಸಮೀಪ ಫೋಟೊ ತೆಗೆದು, ತೇವ ಹೆಚ್ಚಿರುವ ಕೆಲವು ದಿನ ಕಾದು ನೋಡಿ. ಅದೇ ಕುಳಿಯಿಂದ ಅದೇ ಬಣ್ಣದ ಪುಡಿ ಮತ್ತೆ ಎದ್ದರೆ ಶಂಕೆ ಬಲವಾಗುತ್ತದೆ. ಎರಡನೆಯದು ಪ್ರಯೋಗಾಲಯದ ಪರೀಕ್ಷೆ: ಪುಡಿಯನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಹನಿಸಿದಾಗ ಬಿಳಿಯ ಗರಣೆ ಕಟ್ಟಿದರೆ ಕ್ಲೋರೈಡ್ ಇದೆ ಎಂದಾಯಿತು. ಇದನ್ನು ಪ್ರತಿಮೆಯ ಮೇಲೆ ಮಾಡುವಂತಿಲ್ಲ, ಡಬ್ಬಿಯಲ್ಲಿರುವ ಪುಡಿಯ ಮೇಲೆ ಮಾತ್ರ ಮಾಡಬೇಕು. ಕಡಲತೀರದ ಪ್ರತಿಮೆಯ ಸ್ಥಿರವಾದ ಹಸಿರಿನಲ್ಲೂ ಕ್ಲೋರೈಡ್ ಸಿಗುತ್ತದೆ. ಆದ್ದರಿಂದ ಪರೀಕ್ಷೆಯ ಫಲಿತಾಂಶವೊಂದನ್ನೇ ನಂಬದೆ, ಪುಡಿ ಮರುಕಳಿಸುತ್ತಿದೆಯೇ ಎಂಬುದನ್ನೂ ಸೇರಿಸಿ ಓದಬೇಕು.

ಆಮೇಲೆ ಕ್ಲೋರೈಡಿನ ಮೂಲ ಹುಡುಕಬೇಕು. ಕಡಲಗಾಳಿ, ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು, ಪೀಠದ ಗಾರೆ, ಬುಡದಲ್ಲಿ ಪ್ರಾಣಿಗಳ ಮೂತ್ರ, ಯಾರೋ ಹಿಂದೆ ಆಮ್ಲದಿಂದ ತೊಳೆದದ್ದು, ಕಾರಂಜಿಯಲ್ಲಿ ಬಳಸುವ ಕ್ಲೋರಿನ್ ಬೆರೆತ ನೀರು ಇವೆಲ್ಲ ಸಾಧ್ಯ. ಚುಕ್ಕೆಗಳು ಮೊಣಕಾಲಿನಿಂದ ಕೆಳಗೆ ಮಾತ್ರ ಇವೆಯೇ, ಒಂದೇ ಪಾರ್ಶ್ವದಲ್ಲಿವೆಯೇ, ಸಂದುಗಳ ಉದ್ದಕ್ಕೂ ಇವೆಯೇ ಎಂದು ನಕ್ಷೆಯಲ್ಲಿ ಗುರುತಿಸಿದರೆ ಉತ್ತರ ಅರ್ಧ ಸಿಕ್ಕಂತೆ.

ಇಲ್ಲಿಂದ ಮುಂದೆ ಸ್ವಂತ ಕೆಲಸ ನಿಲ್ಲಬೇಕು. ಕುಳಿಯನ್ನು ಭೂತಗನ್ನಡಿಯ ಕೆಳಗೆ ಸಣ್ಣ ಅಲಗಿನಿಂದ ಬಿಡಿಸುವುದು, ಬೆಂಜೋಟ್ರಯಾಜೋಲ್ ಎಂಬ ಸವಕಳಿ ನಿರೋಧಕವನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಹಚ್ಚುವುದು, ಅದರ ಮೇಲೆ ಮೇಣ ಹಾಕುವುದು ತರಬೇತಿ ಪಡೆದವರ ಕೆಲಸ. ಆ ರಾಸಾಯನಿಕ ಚರ್ಮಕ್ಕಾಗಲಿ ಉಸಿರಿಗಾಗಲಿ ಒಳ್ಳೆಯದಲ್ಲ. ತಜ್ಞರು ಬರುವ ತನಕ ಆ ಜಾಗಕ್ಕೆ ನೀರನ್ನೂ ಹಾಕಬೇಡಿ, ಮೇಣವನ್ನೂ ಹಚ್ಚಬೇಡಿ. ಮೇಣ ಹಚ್ಚಿದರೆ ರೋಗ ಅದರಡಿಯಲ್ಲಿ ಕಣ್ಣಿಗೆ ಕಾಣದಂತೆ ಮುಂದುವರಿಯುತ್ತದೆ.

ಮಳೆ ನಿಂತು ದಿನಗಳಾದರೂ ನೀರು ಜಿನುಗುತ್ತಿದೆ, ಸಂದಿನಲ್ಲಿ ಬಿಳಿ ಲವಣ ಕಟ್ಟಿದೆ

ಬಹುತೇಕ ಪ್ರತಿಮೆಗಳು ಟೊಳ್ಳು. ಒಳಗೆ ಸೇರಿದ ನೀರು ಹೊರಹೋಗಲೆಂದು ಪಾದದಡಿ, ಉಡುಪಿನ ಅಂಚು, ಕುದುರೆಯ ಗೊರಸು ಮುಂತಾದ ತಗ್ಗಿನ ಜಾಗಗಳಲ್ಲಿ ನೀರು ಬಸಿಯುವ ತೂತುಗಳಿರುತ್ತವೆ. ಕಸ, ಹುಳುಗಳ ಗೂಡು, ಹಿಂದಿನವರು ಮೆತ್ತಿದ ಸಿಮೆಂಟು ಇವು ಆ ತೂತನ್ನು ಮುಚ್ಚಿರುವುದೇ ಸಾಮಾನ್ಯ ಕಾರಣ. ಬಿದಿರು ಕಡ್ಡಿಯಿಂದ ಅಥವಾ ಪ್ಲಾಸ್ಟಿಕ್ ಬ್ರಷ್ಷಿನಿಂದ ಬಿಡಿಸಿ. ಕಬ್ಬಿಣದ ತಂತಿ ಬೇಡ, ಅದರ ಚೂರು ಒಳಗೆ ಉಳಿದರೆ ಹೊಸ ತುಕ್ಕಿನ ಮೂಲವಾಗುತ್ತದೆ. ತೂತೇ ಇಲ್ಲದಿದ್ದರೆ ಹೊಸದಾಗಿ ಕೊರೆಯುವ ತೀರ್ಮಾನ ನಿಮ್ಮದಲ್ಲ. ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ಕಡೆ ಈ ಕೆಲಸವನ್ನು ಚಳಿಗಾಲಕ್ಕೆ ಮೊದಲೇ ಮುಗಿಸಬೇಕು. ಒಳಗೆ ನಿಂತ ನೀರು ಮಂಜುಗಡ್ಡೆಯಾಗಿ ಉಬ್ಬಿ ಎರಕವನ್ನೇ ಸೀಳಬಲ್ಲದು.

ಬಿಳಿ ಲವಣದ ಒಂದು ಚೂರನ್ನು ಗಾಜಿನ ತಟ್ಟೆಗೆ ತೆಗೆದು ಅದರ ಮೇಲೆ ವಿನೆಗರ್ ಹನಿಸಿ. ನೊರೆ ಎದ್ದರೆ ಅದು ಗಾರೆಯಿಂದ ಬಂದ ಸುಣ್ಣ, ನೀರು ಪೀಠದ ಕಡೆಯಿಂದ ಓಡಾಡುತ್ತಿದೆ. ನೊರೆ ಏಳದಿದ್ದರೆ ಎರಕದ ಕಾಲದಲ್ಲಿ ಒಳಗೆ ತುಂಬಿ ಹಾಗೆಯೇ ಬಿಟ್ಟ ಮಣ್ಣು ಮತ್ತು ಜಿಪ್ಸಮ್ ಕರಗಿ ಬರುತ್ತಿರಬಹುದು. ಆ ಒಳತುಂಬು ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಅದನ್ನು ತೆಗೆಯಬೇಕಾದರೆ ಪ್ರತಿಮೆಯನ್ನು ಪೀಠದಿಂದ ಇಳಿಸಬೇಕಾಗುವುದೂ ಉಂಟು.

ಕೆಂಗಂದು ತುಕ್ಕು ಇಳಿಯುತ್ತಿದೆ

ಕಂಚಿಗೆ ಕಬ್ಬಿಣದ ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ತುಕ್ಕಿನ ಬಣ್ಣ ಕಂಡಿತೆಂದರೆ ಎಲ್ಲೋ ಕಬ್ಬಿಣವಿದೆ. ಕಲೆಯನ್ನು ಹಿಡಿದು ಮೇಲಕ್ಕೆ ಹೋಗಿ. ಮೇಲೆ ದೀಪದ ಬ್ರಾಕೆಟ್, ಹಕ್ಕಿ ಕೂರದಂತೆ ಹಾಕಿದ ಮುಳ್ಳು, ಅಲಂಕಾರಕ್ಕೆ ಕಟ್ಟಿ ಬಿಟ್ಟ ತಂತಿ ಇದ್ದರೆ ತೆಗೆದರಾಯಿತು. ಮೈಯೆಲ್ಲ ನಸುಮಚ್ಚೆಯಂಥ ಕಂದು ಚುಕ್ಕೆಗಳಿದ್ದರೆ ಹಿಂದೆ ಯಾರೋ ಉಕ್ಕಿನ ಉಣ್ಣೆಯಿಂದ ತಿಕ್ಕಿದ್ದಾರೆ. ಅಲ್ಲಲ್ಲಿ ಅಂತರ ಬಿಟ್ಟು ಗುಂಡಗಿನ ಕಲೆಗಳಿದ್ದರೆ, ಎರಕ ಹೊಯ್ಯುವಾಗ ಒಳ ಅಚ್ಚನ್ನು ಹಿಡಿದಿಡಲು ಹಾಕಿದ ಕಬ್ಬಿಣದ ಮೊಳೆಗಳು ಹಾಗೆಯೇ ಉಳಿದಿವೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಆ ಜಾಗದ ಮೇಲೆ ಮೆಲ್ಲಗೆ ಸರಿಸಿದರೆ ಮೊಳೆಯಿರುವಲ್ಲಿ ಎಳೆತ ತಿಳಿಯುತ್ತದೆ.

ಸಂದುಗಳಿಂದಲೇ ತುಕ್ಕು ಒಸರುತ್ತಿದ್ದರೆ ವಿಷಯ ಗಂಭೀರ. ಪ್ರತಿಮೆಗೆ ಒಳಗಿನಿಂದ ಆಸರೆಯಾದ ಕಬ್ಬಿಣದ ಚೌಕಟ್ಟು ಕರಗುತ್ತಿದೆ. ತೇವದಲ್ಲಿ ತಾಮ್ರದ ಲೋಹಕ್ಕೆ ತಾಗಿದ ಕಬ್ಬಿಣ, ಒಂಟಿಯಾಗಿದ್ದರೆ ಕರಗುವುದಕ್ಕಿಂತ ಬೇಗ ಕರಗುತ್ತದೆ. ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದ ಕಂಚನ್ನು ನೂಕುತ್ತದೆ. ಇದರ ಪ್ರಸಿದ್ಧ ಉದಾಹರಣೆ ನ್ಯೂಯಾರ್ಕ್‌ನ ಸ್ವಾತಂತ್ರ್ಯ ದೇವಿಯ ಪ್ರತಿಮೆ. ಅದರ ಹೊದಿಕೆ ಕಂಚಲ್ಲ, ಸುಮಾರು 2.4 ಮಿಲಿಮೀಟರ್ ದಪ್ಪದ ತಾಮ್ರದ ತಗಡು. ದೋಷ ಮಾತ್ರ ಇದೇ. ತಾಮ್ರಕ್ಕೂ ಕಬ್ಬಿಣದ ಪಟ್ಟಿಗಳಿಗೂ ನಡುವೆ ಇಟ್ಟಿದ್ದ, ಶೆಲ್ಯಾಕ್ ಎಂಬ ಅರಗಿನ ದ್ರಾವಣದಲ್ಲಿ ನೆನೆಸಿದ ಕಲ್ನಾರಿನ (ಆಸ್ಬೆಸ್ಟಾಸ್) ಪದರ ಕಾಲಕ್ರಮದಲ್ಲಿ ಹಾಳಾಗಿ ನೀರು ಹಿಡಿಯತೊಡಗಿತ್ತು. ಪಟ್ಟಿಗಳು ಉಬ್ಬಿ ರಿವೆಟ್ಟುಗಳನ್ನು ಕಿತ್ತಿದ್ದವು. 1984ರಿಂದ 1986ರವರೆಗಿನ ದುರಸ್ತಿಯಲ್ಲಿ ಆ ಪಟ್ಟಿಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಂತು. ಅದೇ ದುರಸ್ತಿಯಲ್ಲಿ ಒಳಗಿನ ಡಾಂಬರನ್ನು ತೆಗೆಯಲು ಸಿಡಿಸಿದ ಅಡುಗೆ ಸೋಡಾ ಸಂದುಗಳಿಂದ ಹೊರಗೆ ಸೋರಿ ಹಸಿರು ಮೈಯ ಬಣ್ಣವನ್ನು ಕೆಡಿಸಿತ್ತು. ನಿರುಪದ್ರವಿ ಎನಿಸುವ ಪುಡಿಯೂ ಸಂದಿನ ಆಚೆ ಏನು ಮಾಡುತ್ತದೆಂದು ಮೊದಲೇ ನೋಡಿಕೊಳ್ಳಬೇಕು.

ನೀವು ಮಾಡಬಹುದಾದದ್ದು: ಫೋನಿಗೆ ಜೋಡಿಸುವ ಸಣ್ಣ ನಳಿಗೆ ಕ್ಯಾಮೆರಾವನ್ನು ಬಸಿಯುವ ತೂತಿನ ಮೂಲಕ ಒಳಗೆ ಬಿಟ್ಟು ವಿಡಿಯೊ ತೆಗೆಯುವುದು. ಪದರಪದರವಾಗಿ ಸುಲಿದ ಕಬ್ಬಿಣ, ಕಳಚಿದ ಬೋಲ್ಟು, ನಿಂತ ನೀರು ಇವುಗಳಲ್ಲಿ ಏನು ಕಂಡರೂ ಮುಂದಿನದು ಎಕ್ಸ್‌ರೇ ಅಥವಾ ಗಾಮಾ ಕಿರಣದ ಚಿತ್ರಣ ಮತ್ತು ತಜ್ಞರ ಲೆಕ್ಕಾಚಾರ. ಹೊರಗಿನ ಸಂದನ್ನು ಸೀಲಂಟ್ ಹಾಕಿ ಮುಚ್ಚುವ ಆಸೆಗೆ ಬೀಳಬೇಡಿ. ಕಲೆ ನಿಲ್ಲುತ್ತದೆ, ನೀರು ಒಳಗೇ ಉಳಿಯುತ್ತದೆ.

ಬಣ್ಣ ಎರಚಿದ್ದಾರೆ, ಗೀಚಿದ್ದಾರೆ

ಬಣ್ಣ ಒಣಗುವ ಮೊದಲೇ ಸಿಕ್ಕರೆ ಅರ್ಧ ಕೆಲಸ ಹಗುರ. ಕೆಳಗೆ ಮೇಣವಿದ್ದರೆ ಮಿನರಲ್ ಟರ್ಪೆಂಟೈನ್‌ನಲ್ಲಿ ನೆನೆಸಿದ ಹತ್ತಿಗೆ ಬಣ್ಣ ಮೇಣದ ಜೊತೆಗೇ ಎದ್ದುಬರುತ್ತದೆ. ಹತ್ತಿಯನ್ನು ಉರುಳಿಸುತ್ತಾ ತೆಗೆಯಬೇಕು, ತಿಕ್ಕಬಾರದು. ಮೊದಲು ಮರೆಯ ಜಾಗದಲ್ಲಿ ಪರೀಕ್ಷಿಸಿ. ಹತ್ತಿಗೆ ಹಸಿರೋ ಕಂದೋ ಬಂದರೆ ಅಲ್ಲಿಗೇ ನಿಲ್ಲಿಸಿ, ಏಕೆಂದರೆ ಬರುತ್ತಿರುವುದು ಪ್ರತಿಮೆಯದೇ ಬಣ್ಣ. ಬೆಂಕಿಯ ಮೂಲ ಹತ್ತಿರವಿರಬಾರದು.

ಬಿರುಕು ಬಿಟ್ಟಿದೆ, ವಾಲಿದೆ, ಗಾಳಿಗೆ ಅಲುಗುತ್ತಿದೆ

ಇಲ್ಲಿ ಪರೀಕ್ಷೆಗಳ ಸರದಿ ಇಲ್ಲ. ಪ್ರತಿಮೆಯ ಎತ್ತರಕ್ಕಿಂತ ಹೆಚ್ಚಿನ ದೂರದಲ್ಲಿ ಸುತ್ತಲೂ ಬೇಲಿ ಹಾಕಿ ಜನರನ್ನು ದೂರವಿಡಬೇಕು. ತಳ್ಳಿ ನೋಡುವುದು, ಹತ್ತಿ ನೋಡುವುದು, ಬೋಲ್ಟು ಬಿಗಿಮಾಡುವುದು ಇವು ಯಾವುವೂ ಬೇಡ. ಬೇಲಿಯ ಹೊರಗೆ ಒಂದೇ ಜಾಗದಲ್ಲಿ ಕ್ಯಾಮೆರಾ ಇಟ್ಟು ದಿನವೂ ಒಂದು ಫೋಟೊ ತೆಗೆದರೆ, ವಾಲು ಹಳೆಯದೋ ಬೆಳೆಯುತ್ತಿರುವುದೋ ಗೊತ್ತಾಗುತ್ತದೆ. ಆದರೆ ಫೋಟೊ ಸಾಲುವ ತನಕ ಕಾಯದೆ ಸ್ಟ್ರಕ್ಚರಲ್ ಎಂಜಿನಿಯರ್ ಮತ್ತು ಲೋಹ ಸಂರಕ್ಷಣಾ ತಜ್ಞರನ್ನು ಒಟ್ಟಿಗೆ ಕರೆಸಬೇಕು. ಎಂಜಿನಿಯರ್ ಒಬ್ಬರನ್ನೇ ಕೇಳಿದರೆ ಪ್ರತಿಮೆಗೆ ಊರುಗೋಲು ಬರುತ್ತದೆ, ಸಂರಕ್ಷಕರೊಬ್ಬರನ್ನೇ ಕೇಳಿದರೆ ಭಾರದ ಲೆಕ್ಕ ಉಳಿದುಹೋಗುತ್ತದೆ.

ಸಿಕ್ಕ ವೆಲ್ಡರ್‌ನಿಂದ ಬಿರುಕಿಗೆ ಸ್ಥಳದಲ್ಲೇ ಬೆಸುಗೆ ಹಾಕಿಸಲು ಒತ್ತಡ ಬರುವುದು ಖಚಿತ. ಬೆಸುಗೆಯ ಕಾವಿಗೆ ಸುತ್ತಲಿನ ಹಸಿರು ಸುಟ್ಟು ಕಪ್ಪಾಗುತ್ತದೆ, ಸೀಸ ಮತ್ತು ಸತುವಿನ ಹೊಗೆ ಏಳುತ್ತದೆ, ಒಳತುಂಬಿನಲ್ಲಿರುವ ತೇವ ಆವಿಯಾಗಿ ಹೊರಬರಲು ದಾರಿ ಹುಡುಕುತ್ತದೆ. ಮಿಶ್ರಲೋಹದ ವಿಶ್ಲೇಷಣೆಯಾಗಿ, ಅದಕ್ಕೆ ಹೊಂದುವ ಬೆಸುಗೆ ಕಡ್ಡಿ ಯಾವುದೆಂದು ಗೊತ್ತಾಗಿ, ಒಳಗೆ ಏನಿದೆ ಎಂದು ನೋಡಿಯಾದ ಮೇಲಷ್ಟೇ ಆ ಮಾತು. ಅದುವರೆಗೆ ಬಿರುಕಿನ ಎರಡೂ ತುದಿಗಳ ಪಕ್ಕ ಅಳಿಸಬಹುದಾದ ಗುರುತು ಹಾಕಿ, ಕೈಗೆಟುಕುವ ಜಾಗವಾದರೆ ಮತ್ತು ಎಂಜಿನಿಯರ್ ಹತ್ತಿರ ಹೋಗಲು ಒಪ್ಪಿದರೆ ಮಾತ್ರ, ದಿನಾಂಕದೊಂದಿಗೆ ಬಿರುಕಿನ ಉದ್ದವನ್ನು ಬರೆದಿಡಿ.